ಕೆಂಪು ಗಾರೆ ನೆಲದ ಮೇಲೊಂದು ಹಸಿರು ಅಡುಗೆಮನೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಅಡುಗೆಮನೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ್ದು. 1978ರಲ್ಲಿ ಮನೆ ಕಟ್ಟಿದಾಗ ಹಾಕಿದ ಕೆಂಪು ಗಾರೆ ನೆಲ, ಕಡಪ ಕಲ್ಲಿನ ಕಟ್ಟೆ, ಕಟ್ಟೆಯ ಹಿಂದೆ ಮಾಸಿದ ಬಿಳಿ ಟೈಲ್ಸ್, ಪೂರ್ವದ ಗೋಡೆಯಲ್ಲಿ ನಾಲ್ಕು ಅಡಿ ಅಗಲದ ಮರದ ಕಿಟಕಿ, ಇಷ್ಟೂ ಕಳೆದ ನವೆಂಬರಿನವರೆಗೆ ಇದ್ದಂತೆಯೇ ಇದ್ದವು. ಕಟ್ಟೆಯ ಕೆಳಗಿನ ಗಿಲಾವು ತೇವ ಹಿಡಿದು ಉದುರತೊಡಗಿದ ಮೇಲೆ ರಿಪೇರಿ ತಪ್ಪಿಸುವಂತಿರಲಿಲ್ಲ. ಹೇಗೂ ಕೈಹಾಕಿದ ಮೇಲೆ ಇಡೀ ಕೋಣೆಯನ್ನು ಹಸಿರಿನ ಛಾಯೆಗಳಲ್ಲಿ ಮಾಡೋಣವೆಂದು ಹೇಳಿದವರು ನನ್ನ ತಾಯಿ. ಅವರು ಹುಟ್ಟಿ ಬೆಳೆದದ್ದು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ನೀರು ಹಾಯುವ ಒಂದು ಹಳ್ಳಿಯಲ್ಲಿ. ಅಲ್ಲಿನ ಅಡುಗೆಮನೆಯ ಕಿಟಕಿಯಾಚೆ ಭತ್ತದ ಗದ್ದೆ ಇತ್ತು. ಆ ಗದ್ದೆಯ ಹಸಿರು ನಾಟಿಯ ವಾರದಲ್ಲಿ ಒಂದು ಬಗೆ, ತೆನೆ ಕಟ್ಟುವಾಗ ಇನ್ನೊಂದು ಬಗೆ. ಹಾಗಾಗಿ ಹಸಿರೆಂಬುದು ಒಂದೇ ಬಣ್ಣವಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಕೆಲಸದಲ್ಲಿ ಕಲಿತುಕೊಳ್ಳಬೇಕಾದವನು ನಾನು.

ಬಡಗಿ ಕೆಲಸ ಮತ್ತು ಗಾರೆ ಕೆಲಸಕ್ಕೆ ಬಲ್ಲವರ ನೆರವು ಪಡೆದೆ. ಬಣ್ಣದ ಆಯ್ಕೆ, ಹಳೆಯ ಬಣ್ಣ ಕೆರೆಯುವುದು, ಕಪಾಟಿನ ಬಾಗಿಲುಗಳಿಗೆ ಬಣ್ಣ ಹಚ್ಚುವುದು ಮತ್ತು ಟೈಲ್ಸ್ ಸಂದು ತುಂಬುವುದನ್ನು ನಾನೇ ಮಾಡಿದೆ. ಮೈಸೂರಿನಲ್ಲಿ ಮೇ ತಿಂಗಳಿನಲ್ಲಿಯೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೂ ಮಳೆ ಹೆಚ್ಚು. ಬಣ್ಣಕ್ಕೂ ಮರಕ್ಕೂ ಒಣ ಹವೆ ಬೇಕಾದುದರಿಂದ ಡಿಸೆಂಬರಿನಿಂದ ಫೆಬ್ರುವರಿಯವರೆಗಿನ ಅವಧಿಯನ್ನು ಆರಿಸಿಕೊಂಡೆವು.

ಉಳಿಸಿಕೊಂಡದ್ದು

ಮೊದಲ ತೀರ್ಮಾನ ನೆಲದ್ದು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲಿನ ಒರಸಾಟಕ್ಕೆ ಹೊಳಪೇರಿದ ಕೆಂಪು ಗಾರೆಯನ್ನು ಒಡೆದು ಹಾಕಿದರೆ ಮತ್ತೆ ಅದನ್ನು ತರಲಾಗುವುದಿಲ್ಲ. ನೆಲ ಉಳಿಯುವುದಾದರೆ ಉಳಿದೆಲ್ಲ ಹಸಿರುಗಳೂ ಆ ಕೆಂಪಿನೊಂದಿಗೆ ಬಾಳಬೇಕು. ಈ ಒಂದು ನಿಬಂಧನೆಯೇ ಮುಂದಿನ ಎಲ್ಲ ಆಯ್ಕೆಗಳನ್ನೂ ನಿರ್ಧರಿಸಿತು.

ಕಡಪ ಕಲ್ಲಿನ ಕಟ್ಟೆಯನ್ನು ಮಾತ್ರ ತೆಗೆಯಬೇಕಾಯಿತು. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು. ನಿಂಬೆರಸ, ಹುಣಸೆಹುಳಿ, ಮಜ್ಜಿಗೆ ಬಿದ್ದಲ್ಲೆಲ್ಲ ಅದರ ಹೊಳಪು ಹೋಗಿ ಬೂದುಬಣ್ಣದ ಕಲೆಗಳು ಉಳಿದಿದ್ದವು. ಎತ್ತರವೂ ಹೊಂದುತ್ತಿರಲಿಲ್ಲ. ನಿಂತು ಕೆಲಸ ಮಾಡುವವರ ಮೊಣಕೈಯಿಂದ ಸುಮಾರು ನಾಲ್ಕು ಅಂಗುಲ ಕೆಳಗೆ ಕಟ್ಟೆ ಇದ್ದರೆ ಭುಜಕ್ಕೆ ಆಯಾಸವಾಗುವುದಿಲ್ಲ. ಅಮ್ಮನ ಮೊಣಕೈ ನೆಲದಿಂದ 37 ಅಂಗುಲದಲ್ಲಿರುವುದರಿಂದ ಹೊಸ ಕಟ್ಟೆಯನ್ನು 33 ಅಂಗುಲಕ್ಕೆ ನಿಲ್ಲಿಸಿದೆವು. ತೆಗೆದ ಕಡಪ ಹಾಸುಗಳಲ್ಲಿ ಬಿರುಕಿಲ್ಲದವನ್ನು ಕಟ್ಟೆಯ ಕೆಳಗಿನ ಅಡ್ಡ ಅರೆಗಳಿಗೆ ಬಳಸಿಕೊಂಡೆವು. ಅಲ್ಲಿ ಹುಳಿ ಚೆಲ್ಲುವ ಭಯವಿಲ್ಲ, ಗೆದ್ದಲು ಹಿಡಿಯುವ ಭಯವೂ ಇಲ್ಲ.

ಒಲೆಯನ್ನು ಪೂರ್ವದ ಗೋಡೆಯ ಬಲತುದಿಗೆ, ಆಗ್ನೇಯದಲ್ಲಿಯೇ ಉಳಿಸಿದೆವು. ಅಮ್ಮನಿಗೆ ಅದು ಸಂಪ್ರದಾಯದ ಪ್ರಶ್ನೆಯಾದರೆ ನನಗೆ ಕಿಟಕಿಯ ಗಾಳಿ ಉರಿಗೆ ತಾಗಬಾರದೆಂಬ ಕಾಳಜಿ. ಇಬ್ಬರ ಲೆಕ್ಕವೂ ಒಂದೇ ಮೂಲೆಗೆ ಬಂದು ನಿಂತಿತು. ಪಾತ್ರೆ ತೊಳೆಯುವ ಸಿಂಕ್ ಎಡತುದಿಗೆ ಹೋಯಿತು.

ಹಸಿರನ್ನು ಆರಿಸಿದ ಮೂರು ವಾರಗಳು

ಅಂಗಡಿಯ ಶೇಡ್ ಕಾರ್ಡಿನಲ್ಲಿ ಅಂಚೆಚೀಟಿಯಷ್ಟಿರುವ ಬಣ್ಣವನ್ನು ನೋಡಿ ಗೋಡೆಯನ್ನು ಊಹಿಸಿಕೊಳ್ಳಲಾಗದು. ಚಿಕ್ಕ ಚೌಕದಲ್ಲಿ ಸೌಮ್ಯವಾಗಿ ಕಾಣುವ ಹಸಿರು ಗೋಡೆಯ ಅಳತೆಗೆ ಬೆಳೆದಾಗ ಎರಡು ಪಟ್ಟು ಗಾಢವೆನಿಸುತ್ತದೆ. ಆದ್ದರಿಂದ ಒಂದಡಿ ಚೌಕದ ಎಂಟು ಪ್ಲೈವುಡ್ ತುಂಡುಗಳಿಗೆ ಎಂಟು ಬಗೆಯ ಹಸಿರು ಹಚ್ಚಿ, ಅವನ್ನು ಅಡುಗೆಮನೆಯಲ್ಲಿಯೇ, ಕಪಾಟಿನ ಬಾಗಿಲು ಬರಬೇಕಾದ ಕಡೆ ನೆಲಕ್ಕೆ ತಾಗಿಸಿ ನೇರವಾಗಿ ನಿಲ್ಲಿಸಿದೆ. ಬೆಳಗಿನ ಏಳು, ಮಧ್ಯಾಹ್ನದ ಹನ್ನೆರಡು, ಸಂಜೆಯ ನಾಲ್ಕು ಮತ್ತು ರಾತ್ರಿಯ ಎಂಟು ಗಂಟೆಗೆ ನೋಡಿ ಪ್ರತಿಯೊಂದರ ಹಿಂಬದಿಯಲ್ಲಿ ಅನಿಸಿದ್ದನ್ನು ಬರೆದಿಟ್ಟೆ.

ಮೊದಲ ದಿನವೇ ಬೆರಗಾಗುವಂಥದ್ದು ಕಂಡಿತು. ಅಂಗಳದಲ್ಲಿ ಎಳೆಯ ಗರಿಕೆಯಂತೆ ಕಂಡ ಹಸಿರು ಅಡುಗೆಮನೆಯ ನೆಲದ ಹತ್ತಿರ ಬಂದೊಡನೆ ಕಂದು ಬೆರೆತಂತೆ ಕಾಣತೊಡಗಿತು. ಪೂರ್ವದ ಬಿಸಿಲು ಕಿಟಕಿಯಿಂದ ಒಳಬಂದು ಮೊದಲು ಬೀಳುವುದು ನೆಲದ ಮೇಲೆ. ಅಲ್ಲಿಂದ ಚಿಮ್ಮಿ ಬಾಗಿಲುಗಳನ್ನು ಮುಟ್ಟುವ ಬೆಳಕು ಕೆಂಪಾಗಿರುತ್ತದೆ. ಹಸಿರು ಬಣ್ಣದ ಕಣಗಳು ಕೆಂಪು ಬೆಳಕನ್ನು ಹೀರಿಕೊಳ್ಳುವುದರಿಂದ ಮರಳಿಸಲು ಅವುಗಳ ಬಳಿ ಹೆಚ್ಚೇನೂ ಉಳಿಯುವುದಿಲ್ಲ. ನೆಲದಿಂದ ಒಂದಡಿಯವರೆಗೆ ಈ ಮಬ್ಬು ಹೆಚ್ಚು, ಮೇಲೇರಿದಂತೆ ಕಡಿಮೆ. ಹಳದಿ ಮಿಶ್ರಿತ ಹಸಿರುಗಳು ಇದಕ್ಕೆ ಬೇಗ ಸೋಲುತ್ತವೆ. ತುಸು ನೀಲಿಯ ಕಡೆಗೆ ವಾಲಿದವು ಹಸಿರಾಗಿಯೇ ಉಳಿಯುತ್ತವೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಒಂದಿದೆ. ಕೆಂಪು ಒಡಲಿಗೆ ಹಸಿರು ಅಂಚಿನ ರೇಷ್ಮೆಸೀರೆಯನ್ನು ನೋಡಿದವರಿಗೆಲ್ಲ ಇದು ಗೊತ್ತು: ಎರಡು ಬಣ್ಣಗಳೂ ಒಂದನ್ನೊಂದು ಎತ್ತಿಹಿಡಿದು, ಬಿಡಿಯಾಗಿದ್ದಾಗ ಇರುವುದಕ್ಕಿಂತ ಹೆಚ್ಚು ಉಜ್ವಲವಾಗುತ್ತವೆ. ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನ ವಿಜ್ಞಾನಿ ಮಿಶೆಲ್ ಶೆವ್ರೋಲ್ ನೂಲುಗಳನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸಿ ಈ ಪರಿಣಾಮವನ್ನು 1839ರಲ್ಲಿ ವಿವರವಾಗಿ ಪ್ರಕಟಿಸಿದ್ದಾನೆ. ಮದುವೆಮನೆಯ ಸೀರೆಗೆ ಆ ಉಜ್ವಲತೆ ಬೇಕು. ದಿನಕ್ಕೆ ಐದಾರು ಗಂಟೆ ನಿಂತು ಕೆಲಸ ಮಾಡುವ ಕೋಣೆಗೆ ಅದು ಕಣ್ಣಿನ ಆಯಾಸ. ಗಿಳಿಹಸಿರನ್ನೂ ಪಚ್ಚೆಯನ್ನೂ ನಾನು ಕೈಬಿಟ್ಟದ್ದು ಇದೇ ಕಾರಣಕ್ಕೆ. ಬೂದು ಬೆರೆತು ಶಾಂತವಾದ ಹಸಿರುಗಳು ಮಾತ್ರ ಆ ನೆಲದ ಪಕ್ಕದಲ್ಲಿ ತಮ್ಮ ಮಟ್ಟದಲ್ಲಿ ಉಳಿದವು.

ಇನ್ನು ಅಮ್ಮನ ಕಣ್ಣು. ಅವರ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಹಿಂದಿನ ವರ್ಷ ಆಗಿತ್ತು, ಎಡಗಣ್ಣಿನದು ಬಾಕಿ ಇತ್ತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ತೆಗೆದು ಕೃತಕ ಮಸೂರ ಹಾಕಿದ ಕಣ್ಣಿಗೆ ಆ ಹಳದಿ ಪರದೆ ಇರುವುದಿಲ್ಲ. ಅಮ್ಮ ಒಂದು ಹಲಗೆಯ ಮುಂದೆ ನಿಂತು ಎಡಗಣ್ಣು ಮುಚ್ಚಿ, ಬಳಿಕ ಬಲಗಣ್ಣು ಮುಚ್ಚಿ, “ಇದು ಎರಡು ಬಣ್ಣ ಕಣೋ” ಎಂದರು. ಅದೇ ಹಲಗೆ ಒಂದು ಕಣ್ಣಿಗೆ ವೀಳ್ಯದೆಲೆ, ಇನ್ನೊಂದಕ್ಕೆ ಒಣಗುತ್ತಿರುವ ಎಲೆ. ಎಡಗಣ್ಣಿಗೂ ಕೆಲವೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಆಗಲಿದ್ದುದರಿಂದ ಬಲಗಣ್ಣು ಹೇಳಿದ್ದನ್ನೇ ಪ್ರಮಾಣವಾಗಿ ಇಟ್ಟುಕೊಂಡೆವು.

ಹಿರಿಯರ ಕಣ್ಣಿಗೆ ಬಣ್ಣದ ಭೇದಕ್ಕಿಂತ ಬೆಳಕು ಕತ್ತಲೆಯ ಭೇದ ಮುಖ್ಯ. ಕಟ್ಟೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂಬುದು ನೋಡಿದೊಡನೆ ತಿಳಿಯಬೇಕು. ಇದನ್ನು ಪರೀಕ್ಷಿಸಲು ಹಲಗೆಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಪ್ಪುಬಿಳುಪಿಗೆ ಬದಲಾಯಿಸಿ ನೋಡಿದೆ. ನನಗೆ ತುಂಬ ಮೆಚ್ಚುಗೆಯಾಗಿದ್ದ ನಡುಹಸಿರು ಹಲಗೆಯೂ ಕೆಂಪು ನೆಲವೂ ಆ ಚಿತ್ರದಲ್ಲಿ ಒಂದೇ ಬೂದುಬಣ್ಣವಾಗಿ ಬೆರೆತುಹೋಗಿದ್ದವು. ಮೆಚ್ಚಿದ್ದರೂ ಅದನ್ನು ಬಿಟ್ಟು, ಎರಡು ಹೆಜ್ಜೆ ಗಾಢವಾದುದನ್ನು ಕೆಳಗಿನ ಬಾಗಿಲುಗಳಿಗೆ ಆರಿಸಿದೆ. ಹಸಿರಿನ ಅಡುಗೆಮನೆ ಮಾಡಹೊರಟವರು ಮೊದಲು ಯಾವ ಹಸಿರು ಎಂದು ಕೇಳುವುದಕ್ಕಿಂತ ಎಷ್ಟು ಗಾಢ, ಎಷ್ಟು ತಿಳಿ ಎಂದು ಕೇಳಿಕೊಳ್ಳಬೇಕು ಎಂದು ನಾನು ಒತ್ತಾಯಿಸಿ ಹೇಳಲು ಈ ಒಂದು ಚಿತ್ರವೇ ಕಾರಣ.

ಕೊನೆಗೆ ನಿಂತದ್ದು ಮೂರು ಮುಖ್ಯ ಛಾಯೆಗಳು. ಕೆಳಗಿನ ಬಾಗಿಲುಗಳಿಗೆ ಬಲಿತ ಮೈಸೂರು ವೀಳ್ಯದೆಲೆಯ ಮೇಲ್ಮೈಯಂಥ ಗಾಢ ಹಸಿರು. ಕಟ್ಟೆಯ ಹಿಂದಿನ ಟೈಲ್ಸಿಗೆ ಕರಿಬೇವಿನ ಎಳೆಚಿಗುರಿಗಿಂತ ಒಂದು ಪಾಲು ಬೂದಾದ ನಡುಹಸಿರು. ಮೇಲಿನ ಗೋಡೆಗಳಿಗೆ ಬಾಳೆಲೆಯ ಹಿಂಬದಿಯಲ್ಲಿ ಮೇಣದ ಪುಡಿ ಕವಿದಿರುವಾಗ ಕಾಣುವ ಆ ಬಿಳಿಹಸಿರು. ದೇವರಾಜ ಮಾರುಕಟ್ಟೆಯಿಂದ ಒಂದು ಕಟ್ಟು ಎಲೆಯನ್ನೂ ಒಂದು ಬಾಳೆಲೆಯನ್ನೂ ತಂದು ಹಲಗೆಯ ಪಕ್ಕದಲ್ಲಿಟ್ಟು ಹೋಲಿಸಿದ್ದು ನಮಗೆ ತುಂಬ ಉಪಯೋಗವಾಯಿತು. ಎಲೆ ಬಾಡುವುದರೊಳಗೆ ಹೋಲಿಕೆ ಮುಗಿಸಬೇಕು ಎಂಬುದಷ್ಟೇ ಎಚ್ಚರಿಕೆ. ಸೂರಿಗೆ ಮಾತ್ರ ಬಿಳಿಯನ್ನೇ ಉಳಿಸಿದೆವು. ಸೂರೂ ಹಸಿರಾದರೆ ಕೋಣೆಯ ಬೆಳಕೆಲ್ಲ ಹಸಿರಾಗಿ ಹಾಲು, ಅನ್ನ, ಮನುಷ್ಯರ ಮುಖ ಎಲ್ಲವೂ ಕಳೆಗುಂದುತ್ತವೆ.

ಕಿಟಕಿಯ ಹಳೆಯ ಬಣ್ಣ

ಕಿಟಕಿಗೆ ಮನೆ ಕಟ್ಟಿದಾಗಿನ ಬಾಟಲಿ ಹಸಿರು ಎನಾಮೆಲ್ ಬಣ್ಣವಿತ್ತು. ಅದರ ಮೇಲೆ ಎರಡು ಸಲ ಹಚ್ಚಿದ ಪದರಗಳು ಎದ್ದು ಸಿಪ್ಪೆಯಾಗಿದ್ದವು. ಹಳೆಯ ಎನಾಮೆಲ್‌ಗಳಲ್ಲಿ, ಅದರಲ್ಲೂ ಹಳದಿ, ಹಸಿರು ಬಣ್ಣಗಳಲ್ಲಿ, ಸೀಸದ ಅಂಶ ಇರುವ ಸಾಧ್ಯತೆ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು 90 ಪಿಪಿಎಂ (ತೂಕದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ರೂಪುಗೊಂಡು 2017ರ ನವೆಂಬರಿನಿಂದ ಜಾರಿಗೆ ಬಂದಿದೆ. ಅದಕ್ಕಿಂತ ಹಿಂದಿನ ಬಣ್ಣವನ್ನು ಕೆರೆಯುವಾಗ ಸೀಸ ಇದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ. ಒಣ ಉಪ್ಪುಕಾಗದದಿಂದ ಉಜ್ಜಲಿಲ್ಲ, ಬೆಂಕಿಯ ಉರಿ ಹಿಡಿಯಲಿಲ್ಲ. ಕಟ್ಟೆಗೂ ನೆಲಕ್ಕೂ ಪ್ಲಾಸ್ಟಿಕ್ ಹಾಳೆ ಹಾಸಿ, ಮರಕ್ಕೆ ನೀರು ಸಿಂಪಡಿಸುತ್ತಾ, ನೀರು ತಾಳುವ ಉಪ್ಪುಕಾಗದದಿಂದ ಧೂಳೇಳದಂತೆ ಉಜ್ಜಿದೆ. ಆ ನಾಲ್ಕು ದಿನ ಅಕ್ಕನ ಮಕ್ಕಳನ್ನು ಅಡುಗೆಮನೆಯ ಕಡೆ ಬಿಡಲಿಲ್ಲ. ಕೆರೆದ ಸಿಪ್ಪೆಯನ್ನು ಒದ್ದೆಯಾಗಿರುವಾಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಒಳಗಿನಿಂದ ತೇಗದ ಎಳೆ ಎಷ್ಟು ಚೆನ್ನಾಗಿ ಹೊರಬಂದಿತೆಂದರೆ ಹಾಗೆಯೇ ಬಿಡುವ ಆಸೆಯಾಯಿತು. ಆದರೂ ಆ ಬಾಟಲಿ ಹಸಿರಿನೊಂದಿಗೆ ಅಮ್ಮನ ನಲವತ್ತು ವರ್ಷ ಇತ್ತು. ಹೊಸ ಬಣ್ಣವನ್ನು ಅದೇ ಛಾಯೆಗೆ ಬೆರೆಸಿಸಿ ಚೌಕಟ್ಟಿಗೆ ಹಚ್ಚಿದೆ, ಕದಗಳ ಒಳಮೈಯನ್ನು ಮಾತ್ರ ಎಣ್ಣೆ ಒರೆಸಿ ಮರವಾಗಿ ಉಳಿಸಿದೆ.

ಒರಳುಕಲ್ಲಿದ್ದ ಜಾಗ

ನೆಲದ ನಡುವೆ, ಪಶ್ಚಿಮದ ಗೋಡೆಗೆ ಹತ್ತಿರವಾಗಿ, ಒಂದು ಕಾಲದಲ್ಲಿ ಒರಳುಕಲ್ಲನ್ನು ಹುಗಿದಿದ್ದರು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಅದನ್ನು ಕಿತ್ತು ಹಿತ್ತಲಿಗೆ ಸಾಗಿಸಿ, ಗುಂಡಿಯನ್ನು ಬರಿಯ ಸಿಮೆಂಟಿನಿಂದ ಮುಚ್ಚಿದ್ದರು. ಆ ಬೂದು ತೇಪೆ ನನಗೆ ಬಾಲ್ಯದಿಂದಲೂ ಕಣ್ಣಿಗೆ ಚುಚ್ಚುತ್ತಿತ್ತು. ಹಳೆಯ ಕೆಂಪಿಗೆ ಹೊಸ ಕೆಂಪನ್ನು ಎಷ್ಟು ಹೊಂದಿಸಿದರೂ ತೇಪೆ ತೇಪೆಯಾಗಿಯೇ ಕಾಣುತ್ತದೆ ಎಂದು ಶ್ರೀರಂಗಪಟ್ಟಣದ ಕಡೆಯಿಂದ ಬಂದಿದ್ದ ಹಿರಿಯ ಮೇಸ್ತ್ರಿ ಹೇಳಿದರು. ಹೊಂದಿಸುವ ಹಟ ಬಿಟ್ಟು, ಅಲ್ಲಿ ಹಸಿರು ಗಾರೆಯ ದುಂಡನೆಯ ಒಂದು ಬಿಲ್ಲೆಯನ್ನೇ ಹಾಕೋಣ ಎಂಬ ಯೋಚನೆ ಹುಟ್ಟಿದ್ದು ಆಗ. ಹಸಿರು ಗಾರೆ ನಮ್ಮ ಕಡೆಗೆ ಹೊಸದಲ್ಲ. ಕೆಂಪು ನೆಲದ ನಡುವೆ ಹಸಿರು ಚೌಕ ಅಥವಾ ಅಂಚು ಇರುವ ಮನೆಗಳು ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಇನ್ನೂ ಸಿಗುತ್ತವೆ.

ಗುಂಡಿಯ ನಡುವೆ ಮೊಳೆ ಹೊಡೆದು, ದಾರ ಕಟ್ಟಿ, 18 ಅಂಗುಲ ವ್ಯಾಸದ ವೃತ್ತ ಎಳೆದು, ಕಲ್ಲು ಕತ್ತರಿಸುವ ಯಂತ್ರದಿಂದ ಅಂಚನ್ನು ನಯವಾಗಿ ಕತ್ತರಿಸಿದೆವು. ಹಳೆಯ ಸಿಮೆಂಟನ್ನು ಎರಡು ಅಂಗುಲ ಆಳದವರೆಗೆ ಕಿತ್ತು, ರಾತ್ರಿಯಿಡೀ ನೀರು ಕುಡಿಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆಯನ್ನು ತುಂಬಿದೆವು. ಕೆಂಪು ಮತ್ತು ಹಸಿರಿನ ನಡುವೆ ಗೆರೆ ಕಲಸದಿರಲೆಂದು 4 ಅಡಿ 9 ಅಂಗುಲ ಉದ್ದದ ಹಿತ್ತಾಳೆ ಪಟ್ಟಿಯನ್ನು ಬಳೆಯಂತೆ ಬಾಗಿಸಿ ಕೂರಿಸಿದೆವು. ಮೇಲ್ಪದರಕ್ಕೆ ಬಿಳಿ ಸಿಮೆಂಟು ಮತ್ತು ಹಸಿರು ಪುಡಿ. ಬೂದು ಸಿಮೆಂಟಿನಲ್ಲಿ ಹಸಿರು ಕೊಳೆಯಾಗಿ ಕಾಣುವುದರಿಂದ ಬಿಳಿಯೇ ಬೇಕು.

ಮೊದಲ ಯತ್ನ ಕೆಟ್ಟಿತು. ಹಸಿರು ಆಕ್ಸೈಡ್ ಎಂದು ಹೇಳಿ ಒಂದು ಅಂಗಡಿಯಲ್ಲಿ ಕೊಟ್ಟ ಪುಡಿ ಬೆಲೆಯಲ್ಲಿ ಅಗ್ಗವಾಗಿತ್ತು, ನೋಟಕ್ಕೂ ಬಹಳ ಚೆಲುವಾಗಿತ್ತು. ಮೇಸ್ತ್ರಿ ಅದನ್ನು ಕರಣೆಯಿಂದ ಕನ್ನಡಿಯಂತೆ ನಯಮಾಡಿ ಹೋದರು. ಮೂರನೆಯ ದಿನ ಅಂಚಿನಲ್ಲಿ ಹಳದಿ ಕಾಣಿಸಿತು. ಐದನೆಯ ದಿನ ಒದ್ದೆಬಟ್ಟೆ ಎತ್ತಿ ನೋಡಿದಾಗ ಇಡೀ ಬಿಲ್ಲೆ ಖಾಕಿ ಬಣ್ಣಕ್ಕೆ ತಿರುಗಿತ್ತು. ನೀರು ಕಡಿಮೆಯಾಯಿತೇ, ಕಲಸಿದ್ದು ತಪ್ಪಿತೇ ಎಂದು ಮೇಸ್ತ್ರಿಯೂ ನಾನೂ ತುಂಬ ಕಳವಳಪಟ್ಟೆವು.

ಕಾರಣ ಪುಡಿಯಲ್ಲಿತ್ತು. ಅಗ್ಗದ ಹಸಿರು ಪುಡಿಗಳಲ್ಲಿ ಕೆಲವನ್ನು ಪ್ರಷ್ಯನ್ ನೀಲಿ ಎಂಬ ಕಬ್ಬಿಣಾಂಶದ ಬಣ್ಣಕ್ಕೆ ಸೀಸದ ಕ್ರೋಮೇಟಿನ ಹಳದಿ ಬೆರೆಸಿ ತಯಾರಿಸುತ್ತಾರೆ. ಎಣ್ಣೆಬಣ್ಣದಲ್ಲಿ ಈ ಬೆರಕೆ ಹಸಿರಾಗಿಯೇ ಬಾಳಿಕೆ ಬರುತ್ತದೆ. ಸಿಮೆಂಟಾದರೋ ತೀವ್ರ ಕ್ಷಾರ. ಕ್ಷಾರ ತಾಗಿದರೆ ಪ್ರಷ್ಯನ್ ನೀಲಿ ಒಡೆದು ಕಬ್ಬಿಣದ ಕಂದು ಹೈಡ್ರಾಕ್ಸೈಡ್ ಆಗುತ್ತದೆ. ನೀಲಿ ಹೋಯಿತೆಂದರೆ ಉಳಿಯುವುದು ಹಳದಿ ಮತ್ತು ಕಂದು. ನಿಜವಾದ ಹಸಿರು ಆಕ್ಸೈಡ್ ಎಂದರೆ ಕ್ರೋಮಿಯಂ ಆಕ್ಸೈಡ್. ಅದು ಸಿಮೆಂಟಿಗೂ ಬಿಸಿಲಿಗೂ ಜಗ್ಗುವುದಿಲ್ಲ. ಅದರ ಹಸಿರು ಮಿನುಗುವಂಥದ್ದಲ್ಲ, ಕೊಂಚ ಮಂಕು, ಕೊಂಚ ಬೂದು. ಕಣ್ಸೆಳೆಯುವ ಹಸಿರು ಪುಡಿಯನ್ನು ಆಕ್ಸೈಡ್ ಎಂದು ಕೊಟ್ಟಾಗ ಅನುಮಾನಿಸಬೇಕಿತ್ತು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸುವ ದಾರಿಯನ್ನು ಆಮೇಲೆ ಕಂಡುಕೊಂಡೆ. ಎಲೆಯಡಿಕೆಗೆ ಹಚ್ಚುವ ಸುಣ್ಣವನ್ನು ಗಾಜಿನ ಲೋಟದ ನೀರಿನಲ್ಲಿ ಕದಡಿ, ಚಮಚದ ತುದಿಯಷ್ಟು ಪುಡಿ ಹಾಕಿ ರಾತ್ರಿ ಮುಚ್ಚಿಟ್ಟರೆ ಸಾಕು. ಕೆಟ್ಟ ಪುಡಿ ಹಾಕಿದ ಲೋಟದ ತಳದಲ್ಲಿ ಬೆಳಿಗ್ಗೆ ಕಂದು ಗಸಿ ನಿಂತಿತ್ತು. ಎರಡನೆಯ ಸಲ ತಂದ ಕ್ರೋಮಿಯಂ ಆಕ್ಸೈಡ್ ಎರಡು ದಿನ ಕಳೆದರೂ ತನ್ನ ಹಸಿರನ್ನು ಬಿಟ್ಟುಕೊಡಲಿಲ್ಲ. ಸೀಸದ ಅಂಶವಿರಬಹುದಾದ ಪುಡಿಯಾದ್ದರಿಂದ ಆ ಲೋಟವನ್ನು ಮತ್ತೆ ಬಳಕೆಗೆ ತರಲಿಲ್ಲ. ಯಾವ ಪುಡಿಯನ್ನೇ ಆಗಲಿ ಮೂಗಿಗೆ ಮುಸುಕು ಹಾಕಿಕೊಳ್ಳದೆ ಮುಟ್ಟಬಾರದು.

ಎರಡನೆಯ ಸಲ ಪುಡಿಯನ್ನು ಸಿಮೆಂಟಿನ ತೂಕದ ನೂರಕ್ಕೆ ಎಂಟರಷ್ಟು ತೆಗೆದುಕೊಂಡು, ಒಣಗಿದ್ದಾಗಲೇ ಬೆರೆಸಿ ಎರಡು ಸಲ ಜರಡಿ ಹಿಡಿದೆವು. ನೂರಕ್ಕೆ ಹತ್ತನ್ನು ದಾಟಿದರೆ ಪದರದ ಬಲ ಕುಗ್ಗುತ್ತದೆ. ನಯಮಾಡುವಾಗ ಮೇಲೆ ನೀರು ಚಿಮುಕಿಸಬಾರದೆಂದು ಮೇಸ್ತ್ರಿ ಎಚ್ಚರಿಸಿದರು. ಚಿಮುಕಿಸಿದ ಕಡೆ ಬಣ್ಣ ತಿಳಿಯಾಗಿ ಮಚ್ಚೆ ಬೀಳುತ್ತದೆ. ಒಂದೊಂದು ಗಂಟೆಯ ಅಂತರದಲ್ಲಿ ಮೂರು ಸಲ ಕರಣೆ ಆಡಿಸಿದರು. ಗೋಣಿತಾಟಿನ ಕಂದು ಬಣ್ಣ ಬಿಳಿ ಸಿಮೆಂಟಿಗೆ ಇಳಿಯುವುದರಿಂದ ಹಳೆಯ ಬಿಳಿಪಂಚೆಯನ್ನು ಒದ್ದೆಮಾಡಿ ಏಳು ದಿನ ಹೊದಿಸಿದೆವು. ಆರಿದ ಮೇಲೆ ತೆಳ್ಳಗೆ ಬಿಳಿ ಲವಣ ಉಕ್ಕಿತು. ಒಣಬಟ್ಟೆಯಿಂದ ಒರೆಸುತ್ತಾ ಬಂದಂತೆ ಎರಡು ವಾರದಲ್ಲಿ ನಿಂತಿತು. ಆಮೇಲೆ ಕೊಬ್ಬರಿ ಎಣ್ಣೆ, ಅದರ ಮೇಲೆ ಮೇಣ. ಎಣ್ಣೆ ಬಿದ್ದೊಡನೆ ಮಂಕಾಗಿದ್ದ ಹಸಿರು ಮಳೆಯಲ್ಲಿ ನೆನೆದ ಪಾಚಿಯಂತೆ ಆಳವಾಯಿತು. ಈ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆ ಅದು.

ಕಟ್ಟೆ ಮತ್ತು ಟೈಲ್ಸ್

ಕಟ್ಟೆಗೆ ಹಾಸನ ಜಿಲ್ಲೆಯ ಗಣಿಗಳಿಂದ ಬರುವ, ವ್ಯಾಪಾರದಲ್ಲಿ ಹಾಸನ್ ಗ್ರೀನ್ ಎಂದು ಕರೆಯುವ ಕಲ್ಲನ್ನು ಆರಿಸಿದೆವು. ದೂರಕ್ಕೆ ಕಪ್ಪಾಗಿಯೂ ಕಿಟಕಿಯ ಬೆಳಕಿನಲ್ಲಿ ಬಾಗಿ ನೋಡಿದಾಗ ಕಡುಹಸಿರಾಗಿಯೂ ಕಾಣುವ ಕಲ್ಲು ಅದು. ಕೊಳ್ಳುವ ಮುನ್ನ ಒಂದು ಚೂರು ತಂದು, ಅದರ ಮೇಲೂ ಹಳೆಯ ಕಡಪದ ಮೇಲೂ ನಿಂಬೆಹೋಳನ್ನು ರಾತ್ರಿಯಿಡೀ ಕವುಚಿಟ್ಟೆ. ಕಡಪದ ಮೇಲೆ ದುಂಡನೆಯ ಬಿಳಿ ಗುರುತು ಉಳಿಯಿತು, ಹೊಸ ಕಲ್ಲಿನಲ್ಲಿ ಏನೂ ಆಗಲಿಲ್ಲ. 18 ಮಿಲಿಮೀಟರ್ ದಪ್ಪದ ಹಾಸನ್ನು ಬಾಗಿಲಿಗಿಂತ ಒಂದು ಅಂಗುಲ ಮುಂದಕ್ಕೆ ಚಾಚಿ, ಅಂಚಿನ ಅಡಿಯಲ್ಲಿ ಸಣ್ಣ ಗೀರು ಕೊರೆಸಿದೆವು. ಚೆಲ್ಲಿದ ನೀರು ಆ ಗೀರಿನಲ್ಲಿಯೇ ತೊಟ್ಟಿಕ್ಕಿ ಬಾಗಿಲಿನ ಬಣ್ಣಕ್ಕೆ ಹರಿಯುವುದಿಲ್ಲ.

ಟೈಲ್ಸ್ ಆರು ಅಂಗುಲಕ್ಕೆ ಮೂರು ಅಂಗುಲದ ಹೊಳಪಿನವು. ದಕ್ಷಿಣದ ಗೋಡೆಯಲ್ಲಿ 16 ಚದರಡಿ, ಪೂರ್ವದಲ್ಲಿ ಕಿಟಕಿ ಬಿಟ್ಟು 12, ಕಿಟಕಿಯ ಕೆಳಗೆ 3, ಒಟ್ಟು 31 ಚದರಡಿ. ಚದರಡಿಗೆ ಎಂಟರಂತೆ 248, ಒಡೆತಕ್ಕೆ ನೂರಕ್ಕೆ ಹತ್ತು ಸೇರಿಸಿ 275 ತಂದೆವು. ಹಸಿರು ಟೈಲ್ಸಿನಲ್ಲಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಛಾಯೆ ಬದಲಾಗುವುದು ಬಿಳಿಯದಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ. ಪೆಟ್ಟಿಗೆಗಳ ಮೇಲಿನ ಬ್ಯಾಚ್ ಸಂಖ್ಯೆ ಒಂದೇ ಇದ್ದರೂ ಎಲ್ಲವನ್ನೂ ನೆಲದಲ್ಲಿ ಹರಡಿ ಬೆರೆಸಿ, ಬೆರೆತ ರಾಶಿಯಿಂದ ಎತ್ತಿ ಅಂಟಿಸಿದೆವು. ಈಗ ಅಲ್ಲಲ್ಲಿ ಕಾಣುವ ಸಣ್ಣ ಏರಿಳಿತ ಒಂದೇ ಗಿಡದ ಎಲೆಗಳಂತೆ ಹಿತವಾಗಿದೆ.

ಸಂದುಗಳು ಎರಡು ಮಿಲಿಮೀಟರಿನವು, ತುಂಬಿದ್ದು ಬೂದುಹಸಿರು ಎಪಾಕ್ಸಿ, ಅಂದರೆ ಕಲೆ ಹೀರದ ರಾಳದ ಅಂಟು. ಸಿಮೆಂಟಿನ ಬಿಳಿ ಸಂದು ಅರಿಶಿನವನ್ನು ಹೀರಿಕೊಂಡರೆ ಹೋಗುವುದು ಕಷ್ಟ. ಎಪಾಕ್ಸಿಯನ್ನು ಅರ್ಧ ಗಂಟೆಯೊಳಗೆ ಒದ್ದೆ ಸ್ಪಂಜಿನಿಂದ ಒರೆಸದಿದ್ದರೆ ಟೈಲ್ಸಿನ ಮೇಲೆ ಮಂಜು ಕವಿದಂತೆ ಗಟ್ಟಿಯಾಗುತ್ತದೆ. ಹಾಗಾಗಿ ಒಮ್ಮೆಗೆ ನಾಲ್ಕು ಚದರಡಿಗಿಂತ ಹೆಚ್ಚು ತುಂಬಲಿಲ್ಲ. ಕಿಟಕಿಯ ಹತ್ತಿರದ ಗೋಡೆಗೆ ಅರಿಶಿನ ಹಾರಿದರೂ ನನಗೆ ಚಿಂತೆಯಿಲ್ಲ. ಅರಿಶಿನದ ಹಳದಿ ಬಿಸಿಲಿಗೆ ತಾನಾಗಿ ಮಾಸುತ್ತದೆ.

ಬಾಗಿಲುಗಳು

ಕಟ್ಟೆಯ ಕೆಳಗೆ ಇಟ್ಟಿಗೆಯ ಅಡ್ಡಗೋಡೆಗಳು ಗಟ್ಟಿಯಾಗಿಯೇ ಇದ್ದುದರಿಂದ ಪೂರ್ಣ ಪೆಟ್ಟಿಗೆಗಳ ಬದಲು ಬಾಗಿಲುಗಳನ್ನಷ್ಟೇ ಮಾಡಿಸಿದೆವು. 19 ಮಿಲಿಮೀಟರ್ ದಪ್ಪದ, ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ ನೀರು ತಾಳುವ ಪ್ಲೈವುಡ್ ತಂದೆ. ಲ್ಯಾಮಿನೇಟ್ ಹಾಳೆಗಳಲ್ಲಿ ನಮಗೆ ಬೇಕಾದ ವೀಳ್ಯದೆಲೆ ಹಸಿರು ಸಿಗದ ಕಾರಣ ಬಣ್ಣವನ್ನೇ ಹಚ್ಚುವುದೆಂದಾಯಿತು. ಪ್ರೈಮರ್, ಅಂಚುಗಳಿಗೆ ತೆಳುವಾದ ಪುಟ್ಟಿ, ಒರಟು ನುಣುಪಿನ ಲೆಕ್ಕದಲ್ಲಿ 180 ಮತ್ತು 320ರ ಉಪ್ಪುಕಾಗದ, ಮತ್ತೆ ಪ್ರೈಮರ್, ಅದರ ಮೇಲೆ ನೀರಿನಲ್ಲಿ ತೆಳುಗೊಳಿಸುವ ಸ್ಯಾಟಿನ್ ಎನಾಮೆಲ್ ಎರಡು ಸಲ. ನಾಲ್ಕು ಇಂಚಿನ ನುಣುಪು ರೋಲರಿನಿಂದ ಹಚ್ಚಿದರೆ ಕುಂಚದ ಗೆರೆಗಳು ಉಳಿಯುವುದಿಲ್ಲ. ಅಂಗಡಿಯಲ್ಲಿ ಯಂತ್ರ ಬೆರೆಸಿಕೊಟ್ಟ ಎರಡು ಡಬ್ಬಿಗಳನ್ನು ಮನೆಯಲ್ಲಿ ದೊಡ್ಡ ಬಕೆಟಿಗೆ ಸುರಿದು ಒಂದಾಗಿ ಕದಡಿಕೊಂಡೆ. ಒಂದೇ ಸೂತ್ರದ ಎರಡು ಡಬ್ಬಿಗಳ ನಡುವೆಯೂ ಕೂದಲೆಳೆಯ ವ್ಯತ್ಯಾಸ ಇರಬಹುದು.

ಸಿಲಿಂಡರ್ ಇರುವ ಖಾನೆಯ ಬಾಗಿಲಿಗೆ ಮಾತ್ರ ಕೆಳಭಾಗದಲ್ಲಿ ಅಡ್ಡಪಟ್ಟಿಗಳ ಜಾಲಂದ್ರ ಮಾಡಿಸಿದೆವು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಕೆಳಗೆ ಶೇಖರವಾಗುತ್ತದೆ, ಹೊರಹೋಗುವ ದಾರಿ ಕೆಳಗೇ ಬೇಕು. ಪಟ್ಟಿಗಳ ನೆರಳಿನಿಂದ ಆ ಬಾಗಿಲು ಅದೇ ಬಣ್ಣದಲ್ಲಿಯೂ ಇನ್ನೊಂದು ಹೆಜ್ಜೆ ಗಾಢವಾಗಿ ಕಾಣುತ್ತದೆ. ಯೋಜಿಸದೆ ದೊರೆತ ಈ ನಾಲ್ಕನೆಯ ಛಾಯೆಯನ್ನು ನಾವು ಹಾಗೆಯೇ ಒಪ್ಪಿಕೊಂಡೆವು.

ದೀಪ

ಗೋಡೆಗೆ ಬಿಳಿಹಸಿರು ಹಚ್ಚಿ ಮುಗಿಸಿದ ರಾತ್ರಿ ಹಳೆಯ 6500 ಕೆಲ್ವಿನ್ನಿನ (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ) ಟ್ಯೂಬ್‌ಲೈಟ್ ಹಾಕಿದಾಗ ಕೋಣೆ ಆಸ್ಪತ್ರೆಯ ವಾರ್ಡಿನಂತೆ ತಣ್ಣಗಾಯಿತು. 3000ದ ಹಳದಿ ದೀಪದಲ್ಲಿ ಅದೇ ಗೋಡೆ ಕೆನೆಬಣ್ಣಕ್ಕೆ ತಿರುಗಿ ಹಸಿರೇ ಮಾಯವಾಯಿತು. 4000 ಕೆಲ್ವಿನ್ನಿನದು ನಡುದಾರಿ, ಅದರಲ್ಲಿ ಮೂರೂ ಛಾಯೆಗಳು ಹಗಲಿನಲ್ಲಿರುವಂತೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಬಣ್ಣ ತೋರಿಸುವ ಗುಣಮಟ್ಟವಾದ ಸಿಆರ್‌ಐ 90ಕ್ಕಿಂತ ಹೆಚ್ಚಿರುವುದನ್ನೇ ಕೇಳಿ ಕೊಂಡೆ. ಕೆಂಪನ್ನು ಸರಿಯಾಗಿ ತೋರಿಸದ ದೀಪದಲ್ಲಿ, ಸುತ್ತಲೂ ಹಸಿರಿರುವಾಗ, ಈರುಳ್ಳಿ ಹೊಂಬಣ್ಣಕ್ಕೆ ಬಂದಿತೋ ಸೀದಿತೋ ಎಂಬುದು ತಿಳಿಯದೆ ಒಗ್ಗರಣೆ ಕೆಡುತ್ತದೆ. ಸೂರಿನಲ್ಲಿ ಒಂದು ದೀಪ, ದಕ್ಷಿಣದ ತೆರೆದ ಅರೆಯ ಅಡಿಯಲ್ಲಿ ಒಂದು ಪಟ್ಟಿ ದೀಪ ಸಾಕಾದವು. ಮಿಕ್ಸಿ, ಗ್ರೈಂಡರಿನ 16 ಆಂಪಿಯರ್ ಸಾಕೆಟ್‌ಗಳಿಗೆ 4 ಚದರ ಮಿಲಿಮೀಟರಿನ ತಂತಿ ಎಳೆಸಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ರಕ್ಷಕವನ್ನು ಕೂರಿಸಿದೆವು.

ಮಾರ್ಚಿಯಲ್ಲಿ

ಅಮ್ಮನ ಎಡಗಣ್ಣಿನ ಶಸ್ತ್ರಚಿಕಿತ್ಸೆ ಮಾರ್ಚಿಯಲ್ಲಿ ಆಯಿತು. ಕಣ್ಣಿನ ಕಾಪು ತೆಗೆದ ಮರುದಿನ ಬೆಳಿಗ್ಗೆ ಅವರು ಅಡುಗೆಮನೆಯ ಬಾಗಿಲಿನಲ್ಲಿ ನಿಂತು, ಒಂದೊಂದೇ ಕಣ್ಣು ಮುಚ್ಚಿ ತೆರೆದು ನೋಡಿದರು. ಕೆಳಗಿನ ಬಾಗಿಲುಗಳು ಈಗ ಎರಡು ಕಣ್ಣಿಗೂ ಒಂದೇ ವೀಳ್ಯದೆಲೆಯಾಗಿದ್ದವು. ಟೈಲ್ಸ್ ಮಾತ್ರ ಅಂದುಕೊಂಡದ್ದಕ್ಕಿಂತ ತುಸು ನೀಲಿ ಎಂದರು. ನಾನು ಮತ್ತೆ ನೋಡಿದೆ, ಅವರು ಹೇಳಿದ್ದು ಸರಿ. ಬೆಳಗಿನ ಹೊತ್ತು, ಕೆಂಪು ನೆಲದ ಬೆಳಕು ತಲುಪದ ಆ ಎತ್ತರದಲ್ಲಿ, ಟೈಲ್ಸಿನ ನೀಲಿ ಎದ್ದು ಕಾಣುತ್ತದೆ. ಹಲಗೆಗಳನ್ನು ನೆಲಕ್ಕೆ ತಾಗಿಸಿ ಪರೀಕ್ಷಿಸಿದಂತೆ ಟೈಲ್ಸಿನ ಮಾದರಿಯನ್ನು ಕಟ್ಟೆಯ ಎತ್ತರದಲ್ಲಿಟ್ಟು ಪರೀಕ್ಷಿಸಬೇಕಿತ್ತು. ಕಿಟಕಿಯ ಗೂಡಿನಲ್ಲಿ ಎರಡು ಹಿತ್ತಾಳೆ ಡಬ್ಬಿಗಳನ್ನಿಟ್ಟ ಮೇಲೆ ಆ ನೀಲಿ ಒಂದಿಷ್ಟು ಹಿಂದೆ ಸರಿಯಿತು.

ಉಳಿದ ಬಣ್ಣವನ್ನು ನಾಲ್ಕು ಗಾಜಿನ ಶೀಶೆಗಳಿಗೆ ತುಂಬಿ ಬಾಯಿ ಬಿಗಿದು, ಬಣ್ಣದ ಸಂಖ್ಯೆ, ಬೆರೆಸಿದ ದಿನಾಂಕ, ಯಾವ ಭಾಗಕ್ಕೆ ಹಚ್ಚಿದ್ದು ಎಂಬುದನ್ನು ಬರೆದು ಸಿಂಕಿನ ಕೆಳಗಿನ ಕಡಪ ಅರೆಯ ಮೇಲಿಟ್ಟಿದ್ದೇನೆ. ಉಳಿದ ಟೈಲ್ಸೂ ಅಲ್ಲಿಯೇ ಇವೆ. ಹಸಿರು ಬಿಲ್ಲೆಗೆ ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ಒರೆಸುವ ಕೆಲಸವನ್ನು ಅಮ್ಮ ತಾವೇ ವಹಿಸಿಕೊಂಡಿದ್ದಾರೆ. ಅವರು ಕುಳಿತು ಸೊಪ್ಪು ಬಿಡಿಸುವ ಮಣೆ ಈಗ ಅದರ ಪಕ್ಕದಲ್ಲಿದೆ.